ನೀಲಾಳ ಪಾಟ್ಲಿ

ಎದುರುಮನೆಯ ನೀಲಾಳ ಕೈಯಲ್ಲಿ ಬಂಗಾರದ ಪಾಟ್ಲಿ ಬಳೆ ಕಂಡಂದಿನಿಂದ ವಿದ್ಯಾನಗರದ ಜಯಾಳಿಗೆ ಉಂಡದ್ದು ಮೈಗೆ ಹತ್ತಿರಲಿಲ್ಲ. ಗಂಡಂದಿರಿಬ್ಬರದೂ ಒಂದೇ ಕಚೇರಿ, ಒಂದೇ ಪಗಾರ. ಅವಳಿಗೆಲ್ಲಿಂದ ಬಂತು? ಮನೆಖರ್ಚು ಕಡಿಮೆ ಮಾಡಿ ಉಳಿಸಿದಳಂತೆ! ಹಟಕ್ಕೆ ಬಿದ್ದ ಜಯಾ ಹಾಲನ್ನು ಅರ್ಧಕ್ಕಿಳಿಸಿದಳು, ಗಂಡನ ಸಂಜೆಯ ತಿಂಡಿ ಗಿರ್ಮಿಟ್ ನಿಲ್ಲಿಸಿದಳು. ಅಂಗಡಿಯ ಜೋಳದ ರೊಟ್ಟಿಯನ್ನು ಮಾತ್ರ ಬಿಡಲಿಲ್ಲ, ಮನೆಯಲ್ಲಿ ಬಡಿಯುವವರಾರು? ಆರು ತಿಂಗಳಾದರೂ ಉಳಿದದ್ದು ಒಂದು ಮೂಗುತಿಗೂ ಸಾಲಲಿಲ್ಲ. ಕೊನೆಗೊಂದು ದಿನ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದವಳು ನೀಲಾಳನ್ನು ತಡೆದು ಕೇಳಿಯೇಬಿಟ್ಟಳು.

“ಖರೇ ಹೇಳ್ರಿ, ಏನು ಕಡಿಮಿ ಮಾಡೀರಿ?”

“ಅಂಗಡಿ ರೊಟ್ಟಿ ತರೂದು ಬಿಟ್ಟೇನ್ರಿ. ನಾನೇ ಬಡೀತೇನಿ. ದಿನಾ ಐವತ್ತು ಹೆಚ್ಚಿಗಿ ಬಡದು ಆ ಅಂಗಡಿಗೇ ಕೊಡತೇನಿ,” ಎಂದ ನೀಲಾ, ಜಯಾಳ ಕೈಯಲ್ಲಿದ್ದ ಪೊಟ್ಟಣ ಮುಟ್ಟಿ ನೋಡಿದಳು. “ಇನ್ನೂ ಬಿಸಿ ಅದಾವಲ್ರಿ. ಈಗಷ್ಟ ಕೊಟ್ಟು ಬಂದೇನಿ.”