ವೈನಿಯ ಕಂಪ್ಯೂಟರ್ ಮತ್ತು ಕೆಟ್ಟ ತಾರೀಖು

ಬನಹಟ್ಟಿಯ ನಮ್ಮ ಮನೆಯಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ಕಂಪ್ಯೂಟರಿನಲ್ಲಿ ಸೀರೆಯಂಚಿನ ಡಿಸೈನ್ ಮಾಡುತ್ತಿದ್ದರು. ಊಟಕ್ಕೆ ಹೋಗುವಾಗ ಅದನ್ನು ಸ್ಲೀಪ್‌ಗೆ ಹಾಕಿದರೆ ಮತ್ತೆ ಏಳುತ್ತಲೇ ಇರಲಿಲ್ಲ. ಬಟನ್ ಒತ್ತಿ ಹಿಡಿದು ಆರಿಸಿ, ಹೊಸದಾಗಿ ಶುರು ಮಾಡಬೇಕಿತ್ತು. ಎಲ್ಲಿ ಸಿಕ್ಕಿಕೊಂಡಿತೆಂಬುದು ಎಲ್ಲೂ ಉಳಿಯುತ್ತಿರಲಿಲ್ಲ. ಆ ಹೊತ್ತಿಗೆ ಡಿಸ್ಕ್ ಇನ್ನೂ ಎದ್ದಿರುವುದಿಲ್ಲ, ಅದರಲ್ಲಿ ಏನೂ ಬರೆದಿಡಲಾಗದು. ಆರಿಸಿದರೆ ಮೆಮೊರಿ ಅಳಿಸಿಹೋಗುತ್ತದೆ.

ಲಿನಕ್ಸ್ ಕರ್ನಲ್‌ನಲ್ಲಿ, ಅಂದರೆ ಈ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶದಲ್ಲಿ, ಇದಕ್ಕೊಂದು ವಿಚಿತ್ರ ಉಪಾಯವಿದೆಯೆಂದು ಓದಿದೆ. ಏಳುವಾಗ ತಾನು ದಾಟಿದ ಹಂತದ ಗುರುತನ್ನು ಅದು ಪುಟ್ಟ ಬ್ಯಾಟರಿಯ ಮೇಲೆ ನಡೆಯುವ ಗಡಿಯಾರದ ಚಿಪ್‌ನಲ್ಲಿ, ತಾರೀಖಿನ ಜಾಗದಲ್ಲೇ ಬರೆದಿಡುತ್ತದೆ. ಗುರುತು ಉಳಿಯುತ್ತದೆ, ಆದರೆ ಸಮಯ ಕೆಡುತ್ತದೆ.

"ತಾರೀಖು ಕೆಟ್ರ ನನ್ನ ಹೊಸಾ ಡಿಸೈನ್ ಯಾವ್ದು, ಹಳೇದ್ಯಾವ್ದು ಹೆಂಗ ತಿಳೀಬೇಕು?" ಎಂದು ವೈನಿ ಕೇಳಿದರು.

"ಟೈಮ್ ಸರಿ ಮಾಡೂತನಕ ಏನೂ ಸೇವ್ ಮಾಡಬ್ಯಾಡ್ರಿ," ಎಂದೆ.

"ಆತು, ಮಾಡು. ನನಗೂ ನೋಡಬೇಕೈತಿ."

ಆ ಉಪಾಯವನ್ನು ಚಾಲೂ ಮಾಡಿ, ಸ್ಲೀಪ್‌ಗೆ ಹಾಕಿ ಎಬ್ಬಿಸಿದೆವು. ಎಂದಿನಂತೆ ಸಿಕ್ಕಿಕೊಂಡಿತು. ಮತ್ತೆ ಶುರು ಮಾಡಿದಾಗ ಮೂಲೆಯಲ್ಲಿ ಎಷ್ಟೋ ವರ್ಷ ಮುಂದಿನ ತಾರೀಖು ಕಾಣಿಸಿತು.

"ಅಯ್ಯ, ಅಷ್ಟೊತ್ತಿಗೆ ನಾ ಮುದುಕಿ ಆಗಿರ್ತೀನಲ್ಲೋ!" ಎಂದು ವೈನಿ ನಕ್ಕರು.

ಆ ತಾರೀಖಿನಲ್ಲಿದ್ದ ಗುರುತನ್ನು ಕರ್ನಲ್ ತಾನೇ ಬಿಡಿಸಿ, ನಡೆದದ್ದನ್ನೆಲ್ಲ ಬರೆದಿಡುವ ತನ್ನ ಲಾಗ್‌ನಲ್ಲಿ ತೋರಿಸಿತ್ತು. ಏಳದೆ ಉಳಿದದ್ದು ವೈಫೈ ಕಾರ್ಡು. ಅದನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ತೆಗೆದುಹಾಕಿ, ಮತ್ತೆ ಸ್ಲೀಪ್‌ಗೆ ಹಾಕಿ ಎಬ್ಬಿಸಿ ನೋಡಿದೆ. ಈ ಸಲ ಕಂಪ್ಯೂಟರ್ ತಟ್ಟನೆ ಎದ್ದಿತು. ಉಪಾಯವನ್ನು ಬಂದ್ ಮಾಡಿದೆ. ವೈನಿ ಫೋನ್ ನೋಡಿ ಸಮಯ ಹೇಳಿದರು, ನಾನು ಸರಿಪಡಿಸಿದೆ. ಆಮೇಲೆಯೇ ಅವರು ಅಂಚಿನ ಕೆಲಸಕ್ಕೆ ಕೂತರು.