ಕಂದು ಇಕಾಮಾ

1986ರ ಜೂನ್ ತಿಂಗಳಲ್ಲಿ, ನಾನು ಮುಸ್ಲಿಮನಲ್ಲ ಎಂದು ನನ್ನ ಕಾಲೇಜು ನನಗೆ ಬರಹದಲ್ಲಿ ತಿಳಿಸಿತು. ಹಜ್ ರಜೆಗೆ ನಾನು ಕೊಟ್ಟಿದ್ದ ಅರ್ಜಿ ಕೆಂಪು ಶಾಯಿಯ ಎರಡು ಸಾಲು ಹೊತ್ತು ವಾಪಸು ಬಂತು. ಅರ್ಜಿದಾರ ಮುಸ್ಲಿಮೇತರ. ಮಕ್ಕಾ ಪ್ರವೇಶಕ್ಕೆ ಅರ್ಹನಲ್ಲ.

ನಾನು ದಕ್ಷಿಣ ಕನ್ನಡದ ಬ್ಯಾರಿ ಮುಸ್ಲಿಮರ ಮನೆಯವನು. ನಮ್ಮ ಊರಿನ ಮಸೀದಿಯ ಹಿಂದೆ ನನ್ನ ತಂದೆ, ಅವರ ತಂದೆ, ಅವರ ತಂದೆಯನ್ನು ಮಣ್ಣು ಮಾಡಿದ್ದಾರೆ. ಕಾಲೇಜಿನಲ್ಲಿ ಮೂರು ವರ್ಷದಿಂದ ಇಂಗ್ಲಿಷ್ ಟೈಪಿಸ್ಟ್ ಆಗಿದ್ದೆ. ಆ ಎರಡು ಸಾಲು ಬರೆದ ಆಡಳಿತಾಧಿಕಾರಿಯ ಹಿಂದಿನ ಸಾಲಿನಲ್ಲಿ ನಿಂತು ದಿನವೂ ಮಧ್ಯಾಹ್ನದ ನಮಾಜು ಮಾಡುತ್ತಿದ್ದೆ. ಅವರು ಬರೆದ ದಿನವೂ ಮಾಡಿದ್ದೆ.

ಕಾಲೇಜಿದ್ದ ಊರು ಸೌದಿಯಲ್ಲಿ, ರಿಯಾದ್‌ನಿಂದ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಒಂಟೆಗಳ ಜೊತೆ ಅಲೆಯುತ್ತಿದ್ದ ಬುಡಕಟ್ಟಿನ ಒಂದು ಗುಂಪು, ಅಲೆಮಾರಿ ಬದುಕಿನಲ್ಲಿ ಧರ್ಮ ಕಲಿಯಲಾಗುವುದಿಲ್ಲವೆಂದು ಡೇರೆಗಳನ್ನು ಮಾರಿ, ಒಂದು ಬಾವಿಯ ಸುತ್ತ ಮಣ್ಣಿನ ಮನೆ ಕಟ್ಟಿಕೊಂಡು ನೆಲೆನಿಂತ ಊರು ಅದು. ಆಗ ಕೈಯಿಂದ ಇಟ್ಟಿಗೆ ಹಾಕಿದವರಲ್ಲಿ ಕೆಲವರು ಇನ್ನೂ ಬದುಕಿದ್ದರು. ನಂತರ ಸರಕಾರ ಅಲ್ಲಿ ಶಿಕ್ಷಕರ ಕಾಲೇಜು ತೆರೆಯಿತು. ವಿದ್ಯಾರ್ಥಿಗಳು ರಜೆಗೆ ಹೋದರೆ ರೊಟ್ಟಿ ಅಂಗಡಿಯ ಒಲೆ ಅರ್ಧ ದಿನ ಮಾತ್ರ ಉರಿಯುತ್ತಿತ್ತು.

ತಪ್ಪಿನ ಮೂಲ ಸರಳ. 1983ರಲ್ಲಿ ಮಂಗಳೂರಿನ ಒಬ್ಬನೇ ಏಜೆಂಟ್ ಕಾಲೇಜಿಗೆ ಇಬ್ಬರನ್ನು ಕಳಿಸಿದ್ದ. ನಾನೊಬ್ಬ. ಇನ್ನೊಬ್ಬ ಉಡುಪಿ ಕಡೆಯ ಕೊಂಕಣಿ ಕ್ರೈಸ್ತ, ರಸಾಯನಶಾಸ್ತ್ರ ಪ್ರಯೋಗಾಲಯದ ಸಹಾಯಕ. ಆಡಳಿತಾಧಿಕಾರಿ ಒಬ್ಬನ ಅರ್ಜಿ ತುಂಬಿಸಿ, ಇನ್ನೊಬ್ಬನದ್ದಕ್ಕೆ ಹೆಸರು ಬಿಟ್ಟು ಉಳಿದದ್ದನ್ನೆಲ್ಲ ನಕಲು ಮಾಡಿದರು. ನಿವಾಸ ಪರವಾನಗಿಯ ಪುಸ್ತಕಕ್ಕೆ ಅಲ್ಲಿ ಇಕಾಮಾ ಎನ್ನುತ್ತಾರೆ. ಮುಸ್ಲಿಮರಿಗೆ ಹಸಿರು, ಉಳಿದವರಿಗೆ ಕಂದು. ನಮ್ಮಿಬ್ಬರಿಗೂ ಕಂದು ಬಂತು.

ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವನು ನನ್ನ ಪುಸ್ತಕವನ್ನು ತಿರುಗಿಸಿ ನೋಡಿ ಹೇಳಿದ್ದ, "ಎಂತ ಮಾರಾಯ, ಜ್ಞಾನಸ್ನಾನ ಇಲ್ಲ, ಎಂತ ಇಲ್ಲ, ನೀನು ಸೀದಾ ನಮ್ಮ ಇಗರ್ಜಿಗೆ ಸೇರಿದಿಯಲ್ಲ."

ನಾನು ಅದೇ ವಾರ ಕಚೇರಿಗೆ ತಿಳಿಸಿದೆ. "ನವೀಕರಣದ ಹೊತ್ತಿಗೆ ಸರಿಮಾಡೋಣ" ಎಂದರು. ನವೀಕರಣ ಬಂತು, ಹೋಯಿತು, ಪುಸ್ತಕ ಕಂದಾಗಿಯೇ ಉಳಿಯಿತು. 1984ರಲ್ಲಿ ಕಾಲೇಜಿನ ಬಸ್ಸು ಉಮ್ರಾಕ್ಕೆ, ಅಂದರೆ ಮಕ್ಕಾದ ಕಿರುಯಾತ್ರೆಗೆ, ಹೊರಟಾಗ ನಾನೂ ಹತ್ತಿದೆ. ಆಡಳಿತಾಧಿಕಾರಿಯೇ ಹತ್ತು ಎಂದಿದ್ದರು. ಮಕ್ಕಾಕ್ಕೆ ಮೊದಲಿನ ಚೆಕ್‌ಪೋಸ್ಟಿನಲ್ಲಿ ಸೈನಿಕ ನನ್ನ ಪುಸ್ತಕ ನೋಡಿ, ನನ್ನ ಮೈಮೇಲಿದ್ದ ಇಹ್ರಾಮಿನ, ಯಾತ್ರಿಕರು ಉಡುವ ಎರಡು ಬಿಳಿ ಬಟ್ಟೆ ನೋಡಿ, ಇಳಿ ಎಂದ. ಬಸ್ಸು ಮರುದಿನ ಹಿಂದಿರುಗುವವರೆಗೆ ಆ ಬಟ್ಟೆಯಲ್ಲೇ ಒಂದು ಚಹದಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ನನ್ನನ್ನು ಬಿಟ್ಟು ಬಸ್ಸು ಹೊರಟಾಗ ಆಡಳಿತಾಧಿಕಾರಿ ಕಿಟಕಿಯಿಂದ ಕೈ ಬೀಸಿದ್ದರು.

ಅದನ್ನೂ ನುಂಗಿಕೊಂಡೆ. 1986ರಲ್ಲಿ ನುಂಗಲಾಗಲಿಲ್ಲ, ಏಕೆಂದರೆ ಆ ವರ್ಷ ನನ್ನ ತಾಯಿ, ಉಮ್ಮ, ಹಜ್‌ಗೆ ಬರುವವಳಿದ್ದಳು. ಅವಳ ತಮ್ಮನ ಜೊತೆ ಮುಂಬಯಿಯಿಂದ ಹಡಗು. ಪತ್ರವನ್ನು ತಂಗಿಯ ಕೈಯಲ್ಲಿ ಬರೆಸಿದ್ದಳು. "ನನಗೆ ಮೊಣಕಾಲು ನೋವು ಉಂಟು. ಕಅಬಾದ ಸುತ್ತ ಮಾವ ಎಷ್ಟು ಹಿಡಿದಾನು. ನೀನು ಇದ್ದೀಯಲ್ಲ ಅಂತ ಧೈರ್ಯದಿಂದ ಹೊರಟಿದ್ದೇನೆ."

ಕೆಂಪು ಶಾಯಿಯ ಅರ್ಜಿ ಹಿಡಿದುಕೊಂಡು ಆಡಳಿತಾಧಿಕಾರಿಯ ಮೇಜಿನ ಮುಂದೆ ನಿಂತೆ. ಅವರು ಊರು ಕಟ್ಟಿದವರ ಮೊಮ್ಮಗ. ಚಹಾ ತರಿಸಿದರು.

"ತಪ್ಪು ತಿದ್ದಬೇಕಾದರೆ ರಿಯಾದ್‌ನಿಂದ ಕಾಗದ ಬರಬೇಕು, ಸಹೋದರ. ಆರು ತಿಂಗಳು. ಮೂರು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ನನ್ನನ್ನೇ ಕೇಳುತ್ತಾರೆ."

"ಹಜ್‌ಗೆ ಎರಡು ತಿಂಗಳು ಇದೆ."

"ಹಾಗಾದರೆ ಇಸ್ಲಾಂ ಸ್ವೀಕರಿಸು. ಅದಕ್ಕೆ ಒಂದೇ ದಿನ. ಇಮಾಮರ ಮುಂದೆ ಕಲಿಮದ ವಚನ, ಇಬ್ಬರ ಸಾಕ್ಷಿ, ಖಾಜಿಯ ಮುದ್ರೆ. ಹೊಸ ಮುಸ್ಲಿಮನಿಗೆ ಹಸಿರು ಪುಸ್ತಕ ಕೊಡಲು ಯಾರೂ ತಡ ಮಾಡುವುದಿಲ್ಲ."

ಅವರು ತಮಾಷೆ ಮಾಡುತ್ತಿರಲಿಲ್ಲ. ಉಪಕಾರ ಮಾಡುತ್ತಿದ್ದರು. ಚಹದ ಲೋಟವನ್ನು ಆ ಮುಖಕ್ಕೆ ಎರಚುವ ಆಸೆ ಎಷ್ಟು ಸ್ಪಷ್ಟವಾಗಿತ್ತೆಂದರೆ, ಲೋಟವನ್ನು ಮೇಜಿನ ಮೇಲಿಟ್ಟು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಸಂಜೆ ಇಮಾಮರ ಬಳಿ ಹೋದೆ. ಬಾವಿಯ ಕಾಲದವರು, ಎಂಬತ್ತರ ಆಸುಪಾಸು. ನನ್ನನ್ನು ಗುರುತು ಹಿಡಿದು ಬಳಿ ಕೂರಿಸಿಕೊಂಡರು. ನಾನು ಮೂರು ವರ್ಷದಿಂದ ನಿಮ್ಮ ಹಿಂದೆ ನಮಾಜು ಮಾಡುತ್ತಿದ್ದೇನೆ, ನೀವೇ ಸಾಕ್ಷಿ ಬರೆದುಕೊಡಿ ಎಂದೆ.

"ನೋಡಿದ್ದೇನೆ, ಮಗನೇ. ಆದರೆ ನೀನು ಹುಟ್ಟಿದ ಮನೆಯನ್ನು ನಾನು ನೋಡಿಲ್ಲ. ನೋಡದ್ದಕ್ಕೆ ಸಾಕ್ಷಿ ಹೇಳಲಾರೆ. ಕಲಿಮ ನನ್ನ ಎದುರು ಹೇಳು, ಅದಕ್ಕೆ ಹೇಳುತ್ತೇನೆ. ಎರಡು ಸಲ ಹೇಳಿದರೆ ನಿನಗೇನು ನಷ್ಟ?"

ಅವರ ಮಾತಿನಲ್ಲಿ ಪ್ರಾಮಾಣಿಕತೆ ಇತ್ತು. ನನ್ನ ಸಿಟ್ಟು ಅದರಿಂದ ಇಳಿಯಲಿಲ್ಲ, ಏರಿತು. ನಮ್ಮ ಊರಿನ ಜಮಾತಿಗೆ ತಂತಿ ಕಳಿಸಿದೆ. ಮೂರು ವಾರಕ್ಕೆ ಮಸೀದಿಯ ಮುದ್ರೆ ಒತ್ತಿದ, ಅಧ್ಯಕ್ಷರ ಸಹಿಯಿದ್ದ ಪತ್ರ ಬಂತು. ಆಡಳಿತಾಧಿಕಾರಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನು ರಾಯಭಾರ ಕಚೇರಿ ದೃಢೀಕರಿಸಬೇಕು, ಆಮೇಲೆ ರಿಯಾದ್, ಆಮೇಲೆ ನಾವು" ಎಂದು ಕಡತದೊಳಗೆ ಸೇರಿಸಿದರು. ಉಮ್ಮನ ಹಡಗು ಆಗಲೇ ಹೊರಟಿತ್ತು.

ಮತಾಂತರದ ಅರ್ಜಿಯನ್ನು ಕೋಣೆಗೆ ತಂದೆ. ಹೆಸರು, ದೇಶ, ಕೆಲಸ ತುಂಬಿಸಿದೆ. ನಾಲ್ಕನೆಯ ಕಾಲಂ, ಹಿಂದಿನ ಧರ್ಮ. ಅಲ್ಲಿ ನಾನು ಇಸ್ಲಾಂ ಎಂದು ಬರೆದೆ. ಮರುದಿನ ಆಡಳಿತಾಧಿಕಾರಿ ಅದನ್ನು ಹರಿದು ಇನ್ನೊಂದು ಹಾಳೆ ಕೊಟ್ಟರು. ಅದರ ಮುಂದೆ ಕೂತಿದ್ದಾಗ ಜೊತೆಗಾರ ಪ್ರಯೋಗಾಲಯದಿಂದ ಬಂದ.

"ಇನ್ನೂ ಅದರಲ್ಲೇ ಉಂಟಾ ನೀನು?"

"ನಾನು ಎಂತ ಬರೆಯಲಿ? ಉಮ್ಮನ ಧರ್ಮ ಸುಳ್ಳು ಅಂತ ಬರೆಯಲಾ?"

"ನಮ್ಮದನ್ನು ಬರಿ ಮಾರಾಯ. ಹೇಗೂ ಮೂರು ವರ್ಷ ನಮ್ಮ ಪುಸ್ತಕದಲ್ಲೇ ಇದ್ದಿ. ಪಾದ್ರಿಯವರಿಗೆ ನಾನು ಸಮಾಧಾನ ಹೇಳ್ತೇನೆ, ಒಬ್ಬ ತಪ್ಪಿಸಿಕೊಂಡ ಅಂತ."

ನಾನು ನಗಲಿಲ್ಲ. ಕ್ರೈಸ್ತ ಎಂದು ಬರೆದೆ.

ಶುಕ್ರವಾರದ ನಮಾಜಿನ ನಂತರ ಇಮಾಮರ ಮುಂದೆ ಕಲಿಮ ಹೇಳಿದೆ. ಉಮ್ಮ ನನಗೆ ಮಾತು ಬರುವ ಮೊದಲೇ ಕಿವಿಯಲ್ಲಿ ಹೇಳಿದ್ದ ಮಾತು. ಇಮಾಮರು ನನ್ನ ಉಚ್ಚಾರಣೆ ತಿದ್ದಿ ಮತ್ತೊಮ್ಮೆ ಹೇಳಿಸಿದರು. ಊರಿನ ಮುದುಕರು ಸಾಲಾಗಿ ಬಂದು ಅಪ್ಪಿಕೊಂಡರು. ಇಬ್ಬರು ಅತ್ತರು. ಒಬ್ಬರು ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಮಣಿಕಟ್ಟಿಗೆ ಕಟ್ಟಿದರು. ಆ ಅಪ್ಪುಗೆಗಳಲ್ಲಿ ಒಂದೂ ನಟನೆಯಾಗಿರಲಿಲ್ಲ. ನಾನು ಹಲ್ಲು ಕಚ್ಚಿ ನಿಂತಿದ್ದೆ. ಆಡಳಿತಾಧಿಕಾರಿ ಮೊದಲ ಸಾಕ್ಷಿಯಾಗಿ ಸಹಿ ಹಾಕಿದರು. ಹಸಿರು ಪುಸ್ತಕ ಒಂಬತ್ತನೆಯ ದಿನ ಕೈಗೆ ಬಂತು.

ಮಕ್ಕಾದಲ್ಲಿ ಉಮ್ಮ ನಮ್ಮ ಕಡೆಯ ಹಾಜಿಗಳ ಜೊತೆ ಒಂದು ವಸತಿಗೃಹದ ಮೂರನೆಯ ಮಹಡಿಯಲ್ಲಿದ್ದಳು. ಅವಳ ಕೈ ನನ್ನ ತೋಳಿನಲ್ಲಿಟ್ಟುಕೊಂಡು ಕಅಬಾಕ್ಕೆ ಏಳು ಸುತ್ತು ಬಂದೆ. ನಾಲ್ಕನೆಯ ಸುತ್ತಿನ ನಂತರ ಅವಳ ಭಾರ ಪೂರ್ತಿ ನನ್ನ ಮೇಲಿತ್ತು.

"ಮೂರು ವರ್ಷದಿಂದ ಈ ದೇಶದಲ್ಲಿ ಇದ್ದಿ. ಒಂದು ಉಮ್ರಾ ಮಾಡ್ಲಿಕ್ಕೆ ಆಗ್ಲಿಲ್ವಾ ನಿನಗೆ?" ಎಂದು ಆಮೇಲೆ ಕೇಳಿದಳು. "ನೆರೆಮನೆಯವಳ ಮಗ ಆರು ಸಲ ಮಾಡಿದ್ದಾನಂತೆ."

"ರಜೆ ಸಿಗ್ಲಿಲ್ಲ, ಉಮ್ಮ."

"ಸಿಗ್ಲಿಲ್ಲ ಅಲ್ಲ, ಕೇಳ್ಲಿಲ್ಲ ನೀನು." ಗಂಟಿನಿಂದ ಒಂದು ಪೊಟ್ಟಣ ತೆಗೆದಳು. "ಇದು ಬಾಳೆಹಣ್ಣಿನ ಹಲ್ವ. ನಿನ್ನ ರೂಮಿನ ಪೊರ್ಬುಗೆ ಕೊಡು." ನಮ್ಮ ಕಡೆ ಕ್ರೈಸ್ತರನ್ನು ಕರೆಯುವುದು ಹಾಗೆ.

ಹಲ್ವ ಹಿಡಿದುಕೊಂಡು ಕೋಣೆಗೆ ಬಂದಾಗ ಒಳಗೆ ನಾಲ್ವರು ಮುದುಕರು ಕೂತಿದ್ದರು. ನಡುವೆ ನನ್ನ ಜೊತೆಗಾರ. ಅವನ ಮಡಿಲಲ್ಲಿ ಇಂಗ್ಲಿಷ್, ಉರ್ದು ಕಿರುಪುಸ್ತಕಗಳು. ಒಬ್ಬ ಕ್ರೈಸ್ತ ಒಪ್ಪಿದ್ದಾನೆ, ಅದೇ ಕೋಣೆಯ ಇನ್ನೊಬ್ಬ ಯಾಕೆ ಒಪ್ಪಬಾರದು ಎಂಬುದು ಅವರ ವಾದ. ಮುಂದಿನ ಗುರುವಾರವೂ ಬಂದರು. ಅದರ ಮುಂದಿನ ಗುರುವಾರವೂ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಕೇಳತೊಡಗಿದರು. ಆಡಳಿತಾಧಿಕಾರಿ ಅವನನ್ನು ಕರೆದು, ಅವನ ಕರಾರು ಡಿಸೆಂಬರಿಗೆ ಮುಗಿಯುತ್ತದೆ ಎಂಬುದನ್ನು ನೆನಪಿಸಿದರು.

ಅಕ್ಟೋಬರಿನ ಒಂದು ಮಧ್ಯಾಹ್ನ ಅವನು ಊಟದ ತಟ್ಟೆ ಬದಿಗಿಟ್ಟು ಹೇಳಿದ, "ಬರಿ ಅಂತ ಹೇಳಿದ್ದು ನಾನೇ. ಅದಕ್ಕೆ ಬೇಜಾರಿಲ್ಲ. ಆದ್ರೆ ಇಮಾಮರಿಗೆ ಒಂದು ಮಾತು ಹೇಳು, ನೀನು ಮೊದಲಿಂದಲೂ ಮುಸ್ಲಿಂ ಅಂತ. ಅವರು ನನ್ನನ್ನು ಬಿಡ್ತಾರೆ."

"ಸರ್ಟಿಫಿಕೇಟ್ ಸುಳ್ಳು ಅಂತ ಆಗ್ತದೆ. ಪುಸ್ತಕ ವಾಪಸು ತಗೊಳ್ತಾರೆ."

"ನಿನ್ನ ಉಮ್ಮನ ಹಜ್ ಆಯ್ತಲ್ಲ."

ನಾನು ನಾಳೆ ಹೇಳುತ್ತೇನೆ ಎಂದೆ. ಮೂರು ವರ್ಷ ಆಡಳಿತಾಧಿಕಾರಿಯ ಮೇಜಿನ ಹಿಂದಿನಿಂದ ನಾನು ಕೇಳಿದ್ದ ಉತ್ತರವನ್ನೇ ಅವನಿಗೆ ಕೊಟ್ಟೆ. ಸುಳ್ಳು ಸಾಕ್ಷಿಗೆ ಜೈಲು ಎಂದು ಹೆದರಿದ್ದೆ ಎಂದರೆ ಅರ್ಧ ನಿಜ. ಹಸಿರು ಪುಸ್ತಕ ಬಿಡಲು ಮನಸ್ಸಿರಲಿಲ್ಲ ಎಂಬುದು ಪೂರ್ತಿ ನಿಜ. ಇಮಾಮರನ್ನು ದಿನಕ್ಕೆ ಐದು ಸಲ ಕಾಣುತ್ತಿದ್ದೆ. ಹೇಳಲಿಲ್ಲ. ಅವನು ಮತ್ತೆ ಕೇಳಲಿಲ್ಲ. ಗುರುವಾರಗಳಂದು ಪ್ರಯೋಗಾಲಯಕ್ಕೆ ಒಳಗಿನಿಂದ ಚಿಲಕ ಹಾಕಿಕೊಂಡು ಗಾಜಿನ ನಳಿಗೆಗಳನ್ನು ತೊಳೆಯುತ್ತ ಇರುತ್ತಿದ್ದ.

ಅವನ ಕರಾರು ನವೀಕರಣವಾಗಲಿಲ್ಲ. 1986ರ ಡಿಸೆಂಬರಿನಲ್ಲಿ ರಿಯಾದ್ ಬಸ್ಸು ಹತ್ತಿದ. ಅವನ ಜಾಗಕ್ಕೆ ಮುಂದಿನ ವರ್ಷ ಸುಡಾನಿನವರೊಬ್ಬರು ಬಂದರು. ಊರಿನಿಂದ ಅವನು ಬರೆದದ್ದು ಒಂದೇ ಪತ್ರ. ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ, ನಿಮ್ಮ ಮನೆಗೆ ಹೋಗಿ ಉಮ್ಮನನ್ನು ನೋಡಿ ಬಂದೆ, ಮೊಣಕಾಲು ನೋವು ಹಾಗೆಯೇ ಇದೆಯಂತೆ ಎಂದಿತ್ತು. ನಾನು ಬರೆದ ಎರಡು ಪತ್ರಗಳಿಗೆ ಉತ್ತರ ಬಂದಿಲ್ಲ.