ಹೆಂಡತಿಯ ನಿದ್ದೆ ಕೆಡಿಸದ ಕಂಪ್ರೆಸರ್

ಆ ಮಧ್ಯಾಹ್ನ ಅವಳು ಲಾಂಡ್ರಿ ಕೆಲಸ ಮುಗಿಸಿ ಮನೆಗೆ ಬಂದಾಗ ಗಂಡ ಊಟದ ಮೇಜಿನ ಮೇಲೆ ನೋಟ್‌ಬುಕ್ ಹರಡಿಕೊಂಡು ಕೂತಿದ್ದ. ಹೊಸದೇನಲ್ಲ. ಹದಿನಾಲ್ಕು ತಿಂಗಳಿಂದ ಹಾಗೇ ಕೂತಿದ್ದ. ನಡುವೆ ಎದ್ದು ತಿನ್ನುತ್ತಿದ್ದ, ಮಲಗುತ್ತಿದ್ದ, ಅಷ್ಟೇ.

ಮೇಜಿನ ಆಚೆ ತುದಿಗೆ ಹಳೇ ಪೇಪರಿನ ಮೇಲೆ ಬೆಂಕಿ ಆರಿಸುವ ಗಾಡಿಯೊಂದು ನಿಂತಿತ್ತು. ಉದ್ದ ಒಂದು ಮೊಳಕ್ಕೂ ಕಡಿಮೆ. ಏಣಿ ಇತ್ತು, ಪೈಪಿನ ಸುರುಳಿ ಇತ್ತು, ಬಾಗಿಲಿಗೆ ಹಿಡಿ ಇತ್ತು. ಬಣ್ಣ ಮಾತ್ರ ಇರಲಿಲ್ಲ. ಬೂದು ಪ್ರೈಮರ್ ಬಳಿದುಕೊಂಡು, ಆರಿಸಲು ಹೋದ ಬೆಂಕಿಯಲ್ಲಿ ತಾನೇ ಸುಟ್ಟು ಬಂದ ಹಾಗೆ ಕಾಣುತ್ತಿತ್ತು.

ಅಂಥದೇ ನಿಜವಾದ ಗಾಡಿಯನ್ನು ಅವನು ಇಪ್ಪತ್ತಾರು ವರ್ಷ ಓಡಿಸಿದ್ದ. ಗಂಟೆ ಹೊಡೆದರೆ ಒಂದು ನಿಮಿಷದೊಳಗೆ ಗಾಡಿ ರಸ್ತೆಯಲ್ಲಿರಬೇಕು. ಇರುತ್ತಿತ್ತು. ಒಂದು ಬೂಟು ಕಾಲಲ್ಲಿ, ಇನ್ನೊಂದು ಸೀಟಿನ ಮೇಲೆ, ಆದರೂ ಗಾಡಿ ರಸ್ತೆಯಲ್ಲಿ. ಅಗ್ನಿಶಾಮಕ ಠಾಣೆಯಲ್ಲಿ ಅವನಿಗೆ ಮಿಂಚು ಅಂತಲೇ ಹೆಸರು.

ಆ ಮಿಂಚು ನಿವೃತ್ತನಾಗಿ ಮನೆಯಲ್ಲಿ ಕೂತು, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಅಂಟಿಸಿ ಈ ಪುಟ್ಟ ಗಾಡಿ ಕಟ್ಟಿದ. ಕುಂಚದಲ್ಲಿ ಕೆಂಪು ಬಳಿದ. ಒಣಗಿದ ಮೇಲೆ ಕನ್ನಡಕ ಹಾಕಿಕೊಂಡು ನೋಡಿದ. ಕುಂಚದ ಗೆರೆಗಳು ಕಂಡವು.

"ನಿಜವಾದ ಗಾಡಿ ಮೇಲಾಗಿದ್ರೆ ಈ ಗೆರೆ ಒಂದೊಂದೂ ಬೆರಳು ದಪ್ಪ ಇರ್ತಿತ್ತು ಕಣೇ," ಅಂದ. ಕೆರೆದ. ಮತ್ತೆ ಬಳಿದ. ಮತ್ತೆ ಕೆರೆದ. ಇದಕ್ಕೆ ಏರ್‌ಬ್ರಷ್ಷೇ ಆಗಬೇಕು, ಗಾಳಿಗೆ ಕಂಪ್ರೆಸರ್ ಬೇಕು ಅಂದ. ಸರಿ ತಗೊಳ್ಳಿ ಅಂದಳು. ಗಾಳಿಯಿಂದ ಬಣ್ಣ ಹಾಕುವ ಏನೋ ಒಂದು, ಕೆಳಗಿನ ಟೈರ್ ಅಂಗಡಿಯಲ್ಲಿ ಬಡಕೊಳ್ಳುವ ಯಂತ್ರದಂಥದ್ದು ಇರಬೇಕು ಎಂದುಕೊಂಡಳು. ಅವಳು ಕೆದಕಿ ಕೇಳಲಿಲ್ಲ, ಅವನು ಬಿಡಿಸಿ ಹೇಳಲಿಲ್ಲ. ಅಂದಿನಿಂದ ಶುರುವಾಯಿತು ಮೀನಮೇಷ. ಬಣ್ಣದ ಬಟ್ಟಲು ಮೇಲಿರಬೇಕೋ ಕೆಳಗೋ. ಸೂಜಿ ಸಣ್ಣದೋ ದಪ್ಪದೋ. ಟ್ಯಾಂಕು ಇರುವುದೋ ಇಲ್ಲದ್ದೋ.

"ಊಟ ಆಯ್ತಾ?" ಅಂದಳು ಅವಳು.

"ಆಯ್ತು. ಅದೂ ಆಯ್ತು."

"ಯಾವುದು?"

"ತೀರ್ಮಾನ ಕಣೇ. ಯಾವುದು ತಗೋಬೇಕು ಅಂತ. ನಾಳೆ ಬೆಳಿಗ್ಗೆ ಹೋಗಿ ತಂದುಬಿಡ್ತೀನಿ."

ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು. "ಅಯ್ಯೋ, ಮುಗ್ದೇ ಹೋಯ್ತಾ? ಮತ್ತೆ ನಾಳಿದ್ದಿಂದ ಏನ್ಮಾಡ್ತೀರಿ?"

"ನಗು, ನಗು."

"ನಗ್ದೇ ಇನ್ನೇನು? ನನ್ನನ್ನ ಮದುವೆ ಆಗ್ತೀನಿ ಅನ್ನೋಕೆ ಒಂದು ಲೋಟ ಟೀ ಕುಡಿಯೋಷ್ಟು ಹೊತ್ತು ಸಾಕಾಗಿತ್ತು ನಿಮಗೆ. ಇದಕ್ಕೆ ಹದಿನಾಲ್ಕು ತಿಂಗಳು!"

"ಅದಕ್ಕೇ ಈ ಸಲ ಹುಷಾರಾಗಿದೀನಿ."

"ಬೆಂಕಿ ಹತ್ತಿದ ಮನೆಯವರಿಗೂ ಹೀಗೇ ನಾಳೆ ಬರ್ತೀನಿ ಅಂತಿದ್ರಾ?"

"ಅಲ್ಲಿ ಗಂಟೆ ಹೊಡೀತಿದ್ರು. ಇಲ್ಲಿ ಯಾರು ಹೊಡೀತಾರೆ?"

"ನಾನು ಬಾಯಿ ಬಡ್ಕೊಳ್ತಿರೋದು ಸಾಲ್ದಾ? ಸರಿ, ಹೇಳಿ, ಯಾವುದು ಕೊನೆಗೆ?"

"ತಂದಾಗ ನೋಡುವೆಯಂತೆ. ಹೋಗಿ ಮಲಕ್ಕೋ. ಐದಕ್ಕೆ ಎದ್ದವಳು."

ಅವಳು ಹೋಗಿ ಮಲಗಿದಳು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಟವನು ಬೂಟಿನ ದಾರ ಕಟ್ಟಲು ಬಗ್ಗಿದ. ಏಳಲಿಲ್ಲ. ಬಿದ್ದ ಸದ್ದು ಕೇಳಿ ಟೈರ್ ಅಂಗಡಿಯವನು ಮೇಲೆ ಓಡಿ ಬಂದ, ಠಾಣೆಗೆ ಫೋನು ಮಾಡಿದ. ಅವಳು ಆಗ ಲಾಂಡ್ರಿಯಲ್ಲಿ ಯಾರದೋ ಕೋಟಿನ ಶಾಯಿ ಕಲೆ ತೆಗೆಯುತ್ತಿದ್ದಳು. ಠಾಣೆಯವರು ನಾಲ್ಕೇ ನಿಮಿಷಕ್ಕೆ ಬಂದರಂತೆ. ಬೇಗ ಹೊರಡುವುದನ್ನು ಅವರಿಗೆಲ್ಲ ಕಲಿಸಿದವನು ಅವನೇ. ಅವರಿಗಿಂತ ಬೇಗ ಹೊರಟಿದ್ದ.

ಜನ ಬಂದರು, ಅತ್ತರು, ಹೋದರು. ನಾದಿನಿ ಉಳಿದುಕೊಂಡಳು. ನಾದಿನಿ ಒಳ್ಳೆಯವಳು, ಎಲ್ಲವನ್ನೂ ಎತ್ತಿ ಒಳಗಿಡುವ ಚಾಳಿ ಒಂದು ಬಿಟ್ಟರೆ. ಅಣ್ಣನ ಕನ್ನಡಕ ಒಳಗೆ ಹೋಯಿತು, ಬೂಟು ಒಳಗೆ ಹೋಯಿತು. ಕೊನೆಗೆ ಗಾಡಿಗೆ ಕೈ ಹಾಕಿದಳು.

"ಅತ್ತಿಗೆ, ಇದನ್ನೂ ಕಪಾಟಿಗೆ ಸೇರಿಸ್ಲಾ? ನೋಡಿದಾಗೆಲ್ಲ ಅಣ್ಣನೇ ಕಣ್ಮುಂದೆ ಬರ್ತಾನೆ."

"ಕೆಂಪಾಗೋವರೆಗೂ ಅದು ಅಲ್ಲಿಂದ ಏಳಲ್ಲ."

"ಕೆಂಪು ಯಾರು ಮಾಡ್ತಾರೆ?"

"ಮೊದಲು ಅವರು ಯಾವುದು ಗೊತ್ತು ಮಾಡಿದ್ರು ಅಂತ ತಿಳೀಲಿ. ಅದನ್ನೇ ತರ್ತೀನಿ. ಬೇರೆ ತರಲ್ಲ."

ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಬದುಕಿದ್ದಾಗ ಅವನ ಮಾತನ್ನು ಎಷ್ಟೋ ಸಲ ತೆಗೆದುಹಾಕಿದ್ದಳು. ಆಗ ತಿರುಗಿ ಹೇಳಲು ಅವನಿದ್ದ. ಈಗ ತೆಗೆದುಹಾಕಿದರೆ ಕೇಳುವವರಿಲ್ಲ. ಹದಿನಾಲ್ಕು ತಿಂಗಳು ಕೂತು ಒಂದೇ ಒಂದು ತೀರ್ಮಾನ ಮಾಡಿದ್ದಾನೆ, ಅದೂ ಅವನ ಜೊತೆ ಹೋಗಬೇಕೇ?

ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅವಳಿಗೆ ಕತ್ತಲಾಗುತ್ತದೆ. ಹಾಗಾಗಿ ನಾದಿನಿಯೇ ನೋಟ್‌ಬುಕ್ ಓದಿದಳು. ಓದುತ್ತಾ ಓದುತ್ತಾ ಅವಳ ಹುಬ್ಬು ಮೇಲೇರಿತು.

"ಅತ್ತಿಗೆ, ಅಣ್ಣ ಎಲ್ಲದಕ್ಕೂ ಟಿಕ್ ಹಾಕಿದಾನೆ. ಆಮೇಲೆ ಎಲ್ಲದನ್ನೂ ಹೊಡೆದೂ ಹಾಕಿದಾನೆ."

"ನಿಮ್ಮಣ್ಣನೇ ತಾನೆ."

"ಮದುವೆ ಆದ್ಮೇಲೆ ಹೀಗಾಗಿದ್ದು. ಮುಂಚೆ ಸರಿಯಾಗೇ ಇದ್ದ." ನಾದಿನಿ ಪುಟ ತಿರುವಿದಳು. "ಇದೇನು? ಪ್ರತಿ ಪುಟದ ಕೆಳಗೂ 'ಸದ್ದು' ಅಂತ ಬರೆದು ಸುತ್ತು ಹಾಕಿದಾನೆ. ಇಪ್ಪತ್ತಾರು ವರ್ಷ ಸೈರನ್ ಹಾಕ್ಕೊಂಡು ಊರೆಲ್ಲಾ ಎಬ್ಬಿಸಿದೋನು, ಇವನಿಗೇನು ಸದ್ದಿನ ಚಿಂತೆ?"

ಅವಳಿಗೂ ತಿಳಿಯಲಿಲ್ಲ. ಕೊನೆಗೆ ರಜೆಯ ದಿನ ಅವನು ಹೋಗಿಬರುತ್ತಿದ್ದ ಅಂಗಡಿಗೇ ಹೊರಟಳು.

ಅಂಗಡಿ ಅಂದರೆ ಉದ್ದನೆಯ ಒಂದು ಕೋಣೆ. ಎರಡೂ ಕಡೆ ಸೂರಿನವರೆಗೆ ಪುಟ್ಟ ವಿಮಾನ, ಹಡಗು ಕಟ್ಟುವ ಸಾಮಾನಿನ ಪೆಟ್ಟಿಗೆ. ನಡುವೆ ಒಬ್ಬರು ನಡೆಯಬಹುದು, ಇಬ್ಬರಾದರೆ ಒಬ್ಬರು ಹಿಂದಕ್ಕೆ ಹೋಗಬೇಕು. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿಕೊಂಡು ಕನ್ನಡಕವನ್ನೇ ಹುಡುಕುತ್ತಿದ್ದ.

"ಹಣೆ ಮೇಲಿದೆ," ಅಂದಳು. ಆಮೇಲೆ ಬಂದ ಕೆಲಸ ಹೇಳಿದಳು. ಫೈರ್ ಇಂಜಿನ್ ಡ್ರೈವರು, ನೋಟ್‌ಬುಕ್ ಹಿಡಕೊಂಡು ಬರುತ್ತಿದ್ದವರು.

"ಓ! ಹೆಂಡ್ತಿ ನಿದ್ದೆ!" ಅಂದ ಅಂಗಡಿಯವನು. ಅಂದವನೇ ನಾಲಿಗೆ ಕಚ್ಚಿಕೊಂಡ.

"ಏನಂದ್ರಿ?"

"ತಪ್ಪು ತಿಳ್ಕೋಬೇಡಿ ಅಮ್ಮ. ನಾವು ಅವರಿಗೆ ಹಾಗೆ ಹೆಸರಿಟ್ಟಿದ್ವಿ. ಯಾವ ಕಂಪ್ರೆಸರ್ ತೋರಿಸಿದ್ರೂ ಒಂದೇ ಪ್ರಶ್ನೆ. 'ಇದು ಎಷ್ಟು ಸದ್ದು ಮಾಡುತ್ತೆ? ನನ್ನ ಹೆಂಡ್ತಿ ಬೆಳಿಗ್ಗೆ ಐದಕ್ಕೆ ಎದ್ದು ದುಡಿದು ಬಂದು ಮಧ್ಯಾಹ್ನ ಮಲಗ್ತಾಳೆ. ಅವಳ ನಿದ್ದೆ ಕೆಡಬಾರ್ದು.' ಓಡಿಸಿ ತೋರಿಸ್ತಿದ್ದೆ. ಬಾಗಿಲಾಚೆ ಹೋಗಿ ಕಿವಿಗೊಟ್ಟು ನಿಲ್ತಿದ್ರು. ಬಂದು ತಲೆ ಆಡಿಸಿ ಹೋಗ್ತಿದ್ರು. ಅವರು ಬರಲಿಲ್ವಾ?"

"ಹೋಗ್ಬಿಟ್ರು."

"ಎಲ್ಲಿಗೆ?" ಅಂದ. ಅವಳ ಮುಖ ನೋಡಿ ಸ್ಟೂಲು ಎಳೆದು ಕೊಟ್ಟ.

ಅವಳು ಕೂತಳು. ಲಾಂಡ್ರಿಯಲ್ಲಿ ಆರು ದೊಡ್ಡ ಯಂತ್ರಗಳು ಒಟ್ಟಿಗೆ ಗುಡುಗುತ್ತವೆ. ಅದರ ಪಕ್ಕದಲ್ಲಿ ನಿಂತುಕೊಂಡೇ ತೂಕಡಿಸುವಷ್ಟು ಅವಳ ಕಿವಿ ಪಳಗಿತ್ತು. ಮಧ್ಯಾಹ್ನ ನಿದ್ದೆ ಮಾಡಿದ್ದು ಮಾತ್ರ ಅವನು ನಿವೃತ್ತನಾದ ಮೇಲೆ ಒಂದು ದಿನವೂ ಇಲ್ಲ. ತಾನು ಎದ್ದಿದ್ದರೆ ಬಾಯಿ ಸುಮ್ಮನಿರುವುದಿಲ್ಲ, ಅವನ ಕೆಲಸ ಕೆಡುತ್ತದೆ ಎಂದು ಕಣ್ಣು ಮುಚ್ಚಿ ಬಿದ್ದುಕೊಂಡಿರುತ್ತಿದ್ದಳು. ಗಂಟೆಗಟ್ಟಲೆ. ಸೊಂಟ ಹಿಡಿದುಕೊಂಡರೂ ಮಗ್ಗುಲು ಬದಲಿಸದೆ. ಅವನು ಆಚೆ ಕೋಣೆಯಲ್ಲಿ ಪುಟ ತಿರುವುವುದನ್ನೂ ಸದ್ದಾಗದ ಹಾಗೆ ತಿರುವುತ್ತಿದ್ದ. ಒಬ್ಬರಿಗೊಬ್ಬರು ಇಷ್ಟು ಅನುಕೂಲ ಮಾಡಿಕೊಟ್ಟು, ಮಧ್ಯಾಹ್ನಗಳನ್ನೆಲ್ಲ ಪೋಲು ಮಾಡಿದ್ದರು.

"ತೋರಿಸಿ," ಅಂದಳು.

ಅಂಗಡಿಯವನು ಮೊದಲು ಏರ್‌ಬ್ರಷ್ ತಂದು ಅವಳ ಅಂಗೈ ಮೇಲಿಟ್ಟ. ತಲೆಯ ಮೇಲೆ ಪುಟ್ಟ ಬಟ್ಟಲು, ಒತ್ತಲು ಗುಂಡಿ, ಮೂತಿಯಲ್ಲಿ ಸೂಜಿ. ಅವಳು ಅದನ್ನು ತಿರುಗಿಸಿ ನೋಡಿದಳು. ಮತ್ತೊಮ್ಮೆ ನೋಡಿದಳು.

"ಇದಾ?"

"ಹೂಂ. ಗುಂಡಿ ಕೆಳಗೆ ಒತ್ತಿದ್ರೆ ಗಾಳಿ, ಹಿಂದಕ್ಕೆ ಎಳೆದ್ರೆ..."

"ಬಣ್ಣ. ಗೊತ್ತು. ಇದು ನಮ್ಮ ಕಲೆ ತೆಗೆಯೋ ಗನ್ನಿನ ಮರಿ ಅಲ್ವೇನಪ್ಪಾ! ಹತ್ತೊಂಬತ್ತು ವರ್ಷದಿಂದ ಇದರಪ್ಪನ್ನ ಹಿಡಕೊಂಡಿದೀನಿ."

ಲಾಂಡ್ರಿಯಲ್ಲಿ ಅವಳದು ಕಲೆ ತೆಗೆಯುವ ಮೇಜು. ಗಾಳಿಯ ಗನ್ನಿನಲ್ಲಿ ಔಷಧಿ ಚಿಮ್ಮಿಸಿ, ರೇಷ್ಮೆಯ ಎಳೆ ಏಳದ ಹಾಗೆ ಶಾಯಿ, ಎಣ್ಣೆ, ರಕ್ತ ಎಬ್ಬಿಸಬೇಕು. ಎಷ್ಟು ದೂರ ಹಿಡಿಯಬೇಕು, ಗಾಳಿ ಎಷ್ಟಿರಬೇಕು, ಕೈ ಯಾವಾಗ ನಿಲ್ಲಿಸಬಾರದು, ಎಲ್ಲ ಅವಳ ಮೊಣಕೈಗೇ ಗೊತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಂಡ ಒಮ್ಮೆ ಕೇಳಿದ್ದ, ಅಲ್ಲಿ ಏನು ಕೆಲಸ ಅಂತ. ಕಲೆ ತೆಗೀತೀನಿ ಅಂದಿದ್ದಳು. ಅವನು ಸೋಪು ಹಾಕಿ ಉಜ್ಜುವುದು ಅಂದುಕೊಂಡ. ಅಲ್ಲಿಗೆ ಆ ಮಾತು ಮುಗಿದಿತ್ತು.

"ಮನೇಲಿ ನೀವಿದ್ದುಕೊಂಡು, ಅವರು ಹದಿನಾಲ್ಕು ತಿಂಗಳು ನನ್ನ ತಲೆ ತಿಂದ್ರಾ?" ಅಂದ ಅಂಗಡಿಯವನು.

"ನಾನು ಮಲಗಿದ್ದೆ," ಅಂದಳು.

ಅವನು ಎರಡು ಕಂಪ್ರೆಸರ್ ಇಟ್ಟ. ಒಂದು ಟ್ಯಾಂಕಿಲ್ಲದ್ದು, ಚಿಕ್ಕದು, ಮೆಲ್ಲಗೆ ಗುನುಗುವಂಥದ್ದು. ಇನ್ನೊಂದು ಟ್ಯಾಂಕಿನದು, ತುಂಬುವವರೆಗೆ ಗುರ್‌ ಅಂದು, ತುಂಬಿದ ಮೇಲೆ ತಾನೇ ನಿಲ್ಲುವಂಥದ್ದು. ಅವಳು ಬಟ್ಟಲಿಗೆ ನೀರು ಹಾಕಿ ರಟ್ಟಿನ ಮೇಲೆ ಚಿಮ್ಮಿಸಿದಳು. ಚಿಕ್ಕದರಲ್ಲಿ ನೀರು ತಡೆದು ತಡೆದು ಬಂತು.

"ಇದು ಬಿಕ್ಕಳಿಸುತ್ತೆ. ಕೆಂಪು ಒಂದೇ ಸಮ ಕೂರಲ್ಲ." ಇನ್ನೊಂದಕ್ಕೆ ಸಿಕ್ಕಿಸಿದಳು. ರಟ್ಟಿನ ಮೇಲೆ ಒದ್ದೆ ನಯವಾಗಿ ಹರಡಿತು. "ಇದು ಸರಿ. ಸೂಜಿ ತೀರಾ ಸಣ್ಣದು ಬೇಡ. ಕಟ್ಕೊಂಡ್ರೆ ಬಿಡಿಸೋರು ಯಾರು?"

"ಮೊದಲನೇ ವಾರನೇ ನಾನು ಇದನ್ನೇ ಹೇಳಿದ್ದೆ ಅವರಿಗೆ. ಗುರ್‌ ಅನ್ನುತ್ತೆ ಅಂತ ಬಿಟ್ಟುಹೋದ್ರು."

"ಹಾಗಾದ್ರೆ ಕೊನೆಗೆ ಗೊತ್ತು ಮಾಡಿದ್ದು ಚಿಕ್ಕದನ್ನಾ?"

ಅಂಗಡಿಯವನು ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲಮ್ಮ. ನಿಮ್ಮ ನಿದ್ದೆಗೋಸ್ಕರ ಚಿಕ್ಕದು, ಗಾಡಿಗೋಸ್ಕರ ದೊಡ್ಡದು. ಎರಡರ ಮಧ್ಯೆ ಒದ್ದಾಡ್ತಿದ್ರು."

ತೀರ್ಮಾನಕ್ಕೆ ಅವಳಿಗೆ ಹಿಡಿದದ್ದು ಗೋಡೆಯ ಗಡಿಯಾರದ ಪ್ರಕಾರ ಒಂದು ನಿಮಿಷಕ್ಕೂ ಕಡಿಮೆ. ಅವನ ಆಯ್ಕೆ ತಿಳಿಯಲೆಂದು ಬಂದವಳು, ತನ್ನ ಆಯ್ಕೆ ಹೊತ್ತುಕೊಂಡು ಹೋದಳು. ಟ್ಯಾಂಕಿನದು.

ಮನೆಯಲ್ಲಿ ಕೆಂಪಿಗೆ ಥಿನ್ನರ್ ಬೆರೆಸಿದಳು, ಹಾಲಿನಷ್ಟು ತೆಳ್ಳಗೆ. ಮೊದಲು ಹಳೇ ತಟ್ಟೆಯೊಂದಕ್ಕೆ ಹೊಡೆದಳು. ಆಮೇಲೆ ಗಾಡಿಗೆ, ಒಂದು ಗೇಣು ದೂರದಿಂದ, ಐದು ಪದರ. ಪ್ರತಿ ಪದರ ಒಣಗುವವರೆಗೆ ಕಾದಳು. ಒಂದೇ ಒಂದು ಗೆರೆ ಇರಲಿಲ್ಲ. "ನೋಡಿ," ಅಂದಳು ಜೋರಾಗಿ. ಕೋಣೆಯಲ್ಲಿ ಯಾರೂ ಇರಲಿಲ್ಲ.

ತಿಂಗಳಾದ ಮೇಲೆ ನಾದಿನಿ ಠಾಣೆಯ ಹಿರಿಯನನ್ನು ಕರೆದುಕೊಂಡು ಬಂದಳು. ಗಾಡಿ ನೋಡಿ ಹಿರಿಯ ಟೋಪಿ ತೆಗೆದ.

"ಮಿಂಚು ಕೈ ಅಂದ್ರೆ ಕೈ! ಹೋಗೋ ಮುಂಚೆ ಮುಗಿಸಿಬಿಟ್ಟಿದಾನೆ ನೋಡಿ."

"ಅಣ್ಣ ಏನೇ ಮಾಡಿದ್ರೂ ಹಾಗೇ," ಅಂದಳು ನಾದಿನಿ. ಬೂದು ಗಾಡಿಯನ್ನು ತಾನೇ ಕಪಾಟಿಗೆ ಸೇರಿಸಲು ಹೋಗಿದ್ದು ಅವಳಿಗೆ ಆಗಲೇ ಮರೆತಿತ್ತು.

ಅತ್ತಿಗೆ ಗಾಡಿಯ ಮೇಲಿನ ಧೂಳು ಒರೆಸಿದಳು. "ಹೂಂ, ಯಂತ್ರ ಆರಿಸೋಕೇ ಹದಿನಾಲ್ಕು ತಿಂಗಳು ತಗೊಂಡ್ರು," ಅಂದಳು.

ಗಾಡಿ ಈಗ ಠಾಣೆಯ ಗಾಜಿನ ಕಪಾಟಿನಲ್ಲಿದೆ. ಕೆಳಗೆ ಅವನ ಹೆಸರಿನ ಚೀಟಿ. ಮೇಜು ಖಾಲಿ. ಬಣ್ಣ ಹಾಕಲು ಮನೆಯಲ್ಲಿ ಇನ್ನೇನೂ ಇಲ್ಲ.

ಆದರೂ ಯಂತ್ರವನ್ನು ಓಡಿಸದೆ ಇಟ್ಟರೆ ಹಿಡಿದುಕೊಳ್ಳುತ್ತದೆ. ದಿನಾ ಐದಕ್ಕೆ ಎದ್ದು ಸ್ವಿಚ್ಚು ಹಾಕುತ್ತಾಳೆ. ಟ್ಯಾಂಕು ತುಂಬಿ ನಿಲ್ಲುವವರೆಗೆ ಪಕ್ಕದಲ್ಲಿ ಕೂತಿರುತ್ತಾಳೆ. ಬಟ್ಟಲಿಗೆ ನೀರು ಹಾಕಿ ಹಳೇ ಪೇಪರಿನ ಮೇಲೆ ಚಿಮ್ಮಿಸಿ, ಸೂಜಿ ಒರೆಸಿ ಇಡುತ್ತಾಳೆ. ಗಾಳಿಯಲ್ಲಿ ಇದ್ದ ತೇವ ಟ್ಯಾಂಕಿನ ತಳದಲ್ಲಿ ಕೂತಿರುತ್ತದೆ, ಬಿಟ್ಟರೆ ತುಕ್ಕು. ಅದಕ್ಕೆ ಮೊಣಕಾಲೂರಿ ಅಡಿಯ ತಿರುಪು ಸಡಿಲ ಮಾಡುತ್ತಾಳೆ. ಉಸ್ ಅಂತ ಗಾಳಿ ಹೋಗಿ, ಅರ್ಧ ಚಮಚ ನೀರು ಬೀಳುತ್ತದೆ. ತಿರುಪು ಬಿಗಿ ಮಾಡಿ, ನೆಲ ಒರೆಸಿ, ಲಾಂಡ್ರಿಗೆ ಹೊರಡುತ್ತಾಳೆ.